ಎರೆಹೊಲದ ಗ್ಯಾಲರಿ

ಕಂಬದ ಬುಡಕ್ಕೂ ನೆಲಕ್ಕೂ ನಡುವೆ ನನ್ನ ಕಿರುಬೆರಳು ಸಲೀಸಾಗಿ ಇಳಿಯಿತು. ಬೆರಳು ಮುಗಿಯಿತು, ಸಂದು ಮುಗಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಮೊದಲು ಅದೇ ಕಂಬಕ್ಕೆ ಒರಗಿ ನಿಂತು, ಯಾವ ತಂಡ ಯಾವ ಬಸ್ಸಿಗೆ ಬರುತ್ತದೆ ಎಂದು ಬರೆದುಕೊಳ್ಳುತ್ತಿದ್ದೆ. ಕಾಲ ಬಳಿ ಹಪ್ಪಳ ಮುರಿದಂಥ ಸಣ್ಣ ಸದ್ದಾಯಿತು. ಬಗ್ಗಿ ನೋಡಿದೆ. ಕಂಬದ ಸುತ್ತ ಸಗಣಿ ಸಾರಿಸಿದ್ದ ಪದರು ಒಡೆದು ಒಳಗೆ ಬಿದ್ದಿತ್ತು. ನಿಂತು ನೋಡುವವರಿಗೆ ನೆಲವೆಲ್ಲ ನುಣ್ಣಗೆ, ಒಂದೇ ಹಾಸಾಗಿ ಕಾಣುತ್ತಿತ್ತು. ಅದರ ಕೆಳಗೆ ಕಪ್ಪು ಎರೆಮಣ್ಣು ಒಣಗಿ, ಕುಗ್ಗಿ, ಕಂಬವನ್ನು ಬಿಟ್ಟು ಹಿಂದೆ ಸರಿದಿತ್ತು. ಪಕ್ಕದ ಕಂಬದ ಬುಡವನ್ನು ಪೆನ್ಸಿಲಿನಿಂದ ತಟ್ಟಿದೆ. ಅಲ್ಲಿಯೂ ಪದರು ಒಡೆಯಿತು. ಆಮೇಲಿನ ಕಂಬದಲ್ಲಿಯೂ. ಮುಂದೆ ತಟ್ಟುವುದನ್ನು ಬಿಟ್ಟೆ.

ಅದು ಹೆಂಗಸರು ಕೂತು ಆಟ ನೋಡಲು ಕಟ್ಟಿಸಿದ ಗ್ಯಾಲರಿ. ಆರು ಸಾಲಿನ ಹಲಗೆ, ಹಿಂದೆ ಮತ್ತು ಎರಡೂ ಬದಿಗೆ ಕನಾತಿನ ಬಟ್ಟೆಯ ಮರೆ. ಸವಣೂರಿನ ಹೊರಗೆ, ಜೋಳ ಕೊಯ್ದ ಒಂದು ಎರೆಹೊಲದಲ್ಲಿ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕುಗಳ ಕ್ರೀಡಾಕೂಟಕ್ಕೆ ತಯಾರಿ ನಡೆದಿತ್ತು. ನಮ್ಮ ಜಿಲ್ಲೆ ಮುಂಬಯಿ ಕಡೆಯಿಂದ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ನಾನು ತಾಲೂಕು ಅಭಿವೃದ್ಧಿ ಕಚೇರಿಯಲ್ಲಿ ಹೆಂಗಸರ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದೆ. ಕೂಟದಲ್ಲಿ ಹುಡುಗಿಯರ ಖೊಖೋ ಪಂದ್ಯವನ್ನು ಸೇರಿಸಲು ಮೂರು ಸಭೆಗಳಲ್ಲಿ ಒಬ್ಬಳೇ ಕೂತು ಒಪ್ಪಿಸಿದ್ದೆ. ಆ ಸೀಮೆಯಲ್ಲಿ ಹುಡುಗಿಯರು ಮಂದಿಯ ಮುಂದೆ ಆಡುವುದು ಅದೇ ಮೊದಲು. ಈಗ ಕೂಟಕ್ಕೆ ಎರಡು ದಿನ ಉಳಿದಿತ್ತು.

ಈ ಕೆಲಸಕ್ಕೆ ಮುಂಚೆ ಧಾರವಾಡದಲ್ಲಿ ನನಗೆ ಒಂದು ತರಬೇತಿ ಸಿಕ್ಕಿತ್ತು. ಆಟದ ನಿಯಮಗಳನ್ನು ಅಲ್ಲಿ ಕಲಿಸಲಿಲ್ಲ, ಆಟ ನಡೆಸುವುದನ್ನು ಕಲಿಸಿದರು. ಪಾಠ ಹೇಳಿದ ನಿರ್ದೇಶಕರು ಕರಿಹಲಗೆಯ ಬಲತುದಿಯಲ್ಲಿ ಒಂದು ಸೀಟಿಯ ಚಿತ್ರ ಬರೆದು, "ಇಲ್ಲಿಂದ ಹಿಂದಕ್ಕೆ ನಡೀರಿ. ಪ್ರತಿ ಹೆಜ್ಜಿಗೆ ನಿಂತು, ಇದಕ್ಕ ಮೊದಲ ಏನ ಆಗಿರಬೇಕು ಅಂತ ಕೇಳ್ರಿ. ಉತ್ತರ ಸಿಗದ ಜಾಗದಾಗ ನಿಮ್ಮ ಕೂಟ ಬೀಳ್ತೈತಿ" ಎಂದಿದ್ದರು. ನಾನು ಹಾಗೆಯೇ ಮಾಡಿದ್ದೆ. ಸೀಟಿ ಊದಬೇಕಾದರೆ ಹುಡುಗಿಯರು ಅಂಕಣಕ್ಕೆ ಇಳಿದಿರಬೇಕು. ಅವರು ಇಳಿಯಬೇಕಾದರೆ ತಾಯಂದಿರು ಹೂಂ ಅಂದಿರಬೇಕು. ತಾಯಂದಿರ ಹೂಂ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಶಿಗ್ಗಾಂವ ತಾಲೂಕಿನ ಹಿರೇಬೆಂಡಿಗೇರಿಗೆ ಹೋಗಬೇಕಾಯಿತು. ಆ ತಾಲೂಕಿನ ತಂಡದ ಹೆಚ್ಚಿನ ಹುಡುಗಿಯರು ಆ ಊರಿನವರು.

ತಂಡದ ಮುಂದಾಳು ಹುಡುಗಿಯ ತಾಯಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಉಳಿದ ತಾಯಂದಿರು ಅವಳ ಬಾಯಿ ನೋಡುತ್ತಿದ್ದರು.

"ಹುಡುಗಿ ಓಡ್ತಾಳ, ನಾ ಏನ ಬ್ಯಾಡ ಅನ್ನೂದಿಲ್ರಿ ಅಕ್ಕೋರ. ಎಮ್ಮಿ ಬೆನ್ನ ಹತ್ತಿ ಓಡೂದು ನಿಮ್ಮ ಖೊಖೋಕಿಂತ ಜೋರ ಐತಿ. ಆದ್ರ ನಾ ಎಲ್ಲಿರಲಿ? ನಾ ಮನ್ಯಾಗಿದ್ದು ಮಗಳನ್ನ ಅಷ್ಟ ಮಂದ್ಯಾಗ ಕಳಸೂದಿಲ್ಲ."

"ನೀವೂ ಬರ್ರಿ."

"ಬಂದ? ಗಂಡಸರ ಬೆನ್ನ ನೋಡಿ ಬರ್ಲೇನು?" ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ನಮಗ ಕಾಣಬೇಕು, ನಾವು ಕಾಣಬಾರದು. ಹಂಗ ಮಾಡ್ತೀರಿ?"

"ಮಾಡ್ತೇನಿ."

"ನೀವ ಮಾಡ್ತೀರೋ, ಕಮಿಟಿ ಸಾವಕಾರ್ರ ಮಾಡ್ತಾರ ಅಂತ ಹೇಳ್ತೀರೋ?"

"ನಾನ ಮಾಡ್ತೇನಿ" ಎಂದೆ.

ಹೀಗೆ ಆ ಹೂಂ ಎಂಬುದು ಆರು ಸಾಲಿನ ಹಲಗೆಯ ಮೇಲೆ ಬಂದು ನಿಂತಿತು. ಹಲಗೆ ಕಂಬದ ಮೇಲೆ, ಕಂಬ ನೆಲದ ಮೇಲೆ. ನೆಲಕ್ಕೆ ಮುಂಚೆ ಏನು ಎಂದು ನಾನು ಕೇಳಿಕೊಂಡಾಗ ಉತ್ತರ ಸುಲಭವಾಗಿಯೇ ಸಿಕ್ಕಿತ್ತು. ಕಣ ಮಾಡಿದಂತೆ ಮಾಡುವುದು.

ಸವಣೂರ ಸೀಮೆಯ ರೈತರಿಗೆ ನೆಲ ಗಟ್ಟಿ ಮಾಡಲು ಗೊತ್ತಿರುವ ದಾರಿ ಅದೊಂದೇ. ರಾಶಿ ಮಾಡುವ ಕಣಕ್ಕೆ ಹೇಗೋ ಹಾಗೆಯೇ ಹೊಲಕ್ಕೆ ನೀರು ಕಟ್ಟಿ, ಕೂಳೆ ಕಿತ್ತು, ಎತ್ತುಗಳನ್ನು ತುಳಿಸಿ, ದಪ್ಪ ಉರುಳೆಯಂಥ ರೋಣಗಲ್ಲನ್ನು ಉರುಳಿಸಿ, ಸಗಣಿ ಬಗ್ಗಡ ಸಾರಿಸಿದರು. ಹಿರೇಕೆರೂರಿನಿಂದ ಬಂದ ಪೆಂಡಾಲಿನ ಮಿಸ್ತ್ರಿ ನೆಲ ಹಸಿಯಾಗಿದ್ದಾಗಲೇ ಕಂಬ ನೆಡಿಸಿದ. ಕಣದ ನಡುವಿನ ಮೇಟಿಕಂಬವನ್ನು ನೆಡುವುದೂ ಆಗಲೇ. ಹಸಿ ಎರೆಮಣ್ಣು ಉಬ್ಬಿಕೊಂಡು ಕಂಬವನ್ನು ಹಿಡಿದ ರೀತಿಗೆ ಇಬ್ಬರು ಅಲುಗಿಸಿದರೂ ಮಿಸುಕುತ್ತಿರಲಿಲ್ಲ. ಕೂಟದ ಮುಖ್ಯ ಪಂದ್ಯವಾದ ಕುಸ್ತಿಯ ಅಖಾಡದ ಎದುರು ಗಂಡಸರ ಗ್ಯಾಲರಿ, ಅಡ್ಡಬದಿಗೆ ಹೆಂಗಸರದು. ಎರಡಕ್ಕೂ ಒಂದೇ ಕೈ, ಒಂದೇ ಅಳತೆ.

ಆಮೇಲೆ ಕೂಟ ಮುಂದಕ್ಕೆ ಹೋಯಿತು. ಮುಖ್ಯ ಅತಿಥಿಗಳಿಗೆ ಆ ದಿನ ಬಿಡುವಿಲ್ಲವೆಂದು ಸಮಿತಿಯ ಅಧ್ಯಕ್ಷರು ಒಂದು ಪಕ್ಷ ಮುಂದೂಡಿದರು. ತಂಡಗಳಿಗೆ ತಿಳಿಸಿದೆವು, ಅಡಿಗೆಯವರಿಗೆ ತಿಳಿಸಿದೆವು, ಪೈಲವಾನರಿಗೆ ತಿಳಿಸಿದೆವು. ಬಿಸಿಲು ಏರುತ್ತಲೇ ಇತ್ತು. ಪ್ರತಿದಿನ ಸಂಜೆ ಬರುವಾಗ ಸುತ್ತಲಿನ ಹೊಲಗಳಲ್ಲಿ ಕಾಲು ಹೋಗುವಂಥ ಬಿರುಕುಗಳನ್ನು ದಾಟಿಯೇ ಬರುತ್ತಿದ್ದೆವು. ಸಾರಿಸಿದ ಅಂಗಳಕ್ಕೆ ಕಾಲಿಟ್ಟರೆ ಮಾತ್ರ ಅದು ಬೇರೆ ನೆಲವೆಂಬಂತೆ ನುಣ್ಣಗಿರುತ್ತಿತ್ತು.

ಮಿಸ್ತ್ರಿಯನ್ನು ಕರೆಸಿ ಸಂದು ತೋರಿಸಿದೆ. ಅವನು ಕೂರಲಿಲ್ಲ, ನಿಂತೇ ನೋಡಿದ.

"ಅಕ್ಕೋರ, ಎರಿ ಅಂದಮ್ಯಾಲ ಬಿರಿತೈತಿ. ಕಣದಾಗ ಮೇಟಿ ಹೆಂಗ ನಿಂತಿರ್ತೈತಿ? ನಾಕ ಎತ್ತ ಸುತ್ತಲೂ ಜಗ್ತಾವು. ಮೇಟಿ ಬಿದ್ದಿದ್ದ ಎಂದರ ಕೇಳೀರೇನು?"

"ಇಲ್ಲ. ಆದ್ರ ಮೇಟಿ ಮ್ಯಾಲ ಯಾರೂ ಕುಂದರೂದಿಲ್ಲ. ಮತ್ತ ಕಣ ಬಿರಿಯೂದ್ರಾಗ ರಾಶಿ ಮುಗದಿರ್ತೈತಿ."

ಅವನು ಒಮ್ಮೆ ನನ್ನ ಕಡೆ, ಒಮ್ಮೆ ಕಂಬದ ಕಡೆ ನೋಡಿದ. "ಈ ಕೈಲೆ ಕಟ್ಟಿದ್ದು ಒಂದೂ ಮಲಗಿಲ್ರಿ" ಎಂದ. ಅವನ ಮಾತು ಸುಳ್ಳಲ್ಲ. ಹಿರೇಕೆರೂರ ಕಡೆಯ ಕೆಂಪು ಮಸಾರಿ ಮಣ್ಣು ಇಟ್ಟಲ್ಲಿ ಇರುತ್ತದೆ. ಅವನು ಜೀವಮಾನವೆಲ್ಲ ಅದರಲ್ಲಿ ಕಂಬ ನೆಟ್ಟವನು.

ವಾದದಿಂದ ತೀರುವ ಮಾತಲ್ಲವೆಂದು, ಭಾರ ಹಾಕಿ ನೋಡೋಣ ಎಂದೆ. ಹಾನಗಲ್ಲಿನ ಶಾಲೆಯೊಂದರ ಡ್ರಿಲ್ ಮಾಸ್ತರರು ಮೈದಾನದ ಉಸ್ತುವಾರಿಗೆ ಬಂದಿದ್ದರು. ಅವರು ಹತ್ತಿಕಾಳಿನ ಚೀಲಗಳನ್ನು ತರಿಸಿ ಹೆಂಗಸರ ಗ್ಯಾಲರಿಯ ಮೇಲಿನ ಸಾಲುಗಳಲ್ಲಿ ಪೇರಿಸಿದರು. ಹಲಗೆ ಬಾಗಿತು, ಪುಂಡಿನಾರಿನ ಹಗ್ಗ ಬಿಗಿಯಿತು, ಕಂಬಗಳು ನಿಂತವು. ಮಿಸ್ತ್ರಿ ತಂಬಾಕು ತಿಕ್ಕುತ್ತ, "ಆತಲ್ರಿ?" ಎಂದ.

ಆಗಿರಲಿಲ್ಲ. ಚೀಲ ಕೂತಲ್ಲಿ ಕೂತಿರುತ್ತದೆ. ಜನ ಕೂತಿರುವುದಿಲ್ಲ. ಪೈಲವಾನನ ಬೆನ್ನು ಮಣ್ಣಿಗೆ ತಾಗುವ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಒಟ್ಟಿಗೆ ಕೂರುತ್ತಾರೆ. ಮಾಸ್ತರರಿಗೆ ಹೇಳಿ ಮೇಲೆ ಅಡ್ಡ ಕಟ್ಟಿದ್ದ ಉದ್ದ ಮರದ ಗಳಕ್ಕೆ ಹಗ್ಗ ಕಟ್ಟಿಸಿದೆ. ಹಿಂದಿನಿಂದ ಕೆಲವರು ಹಿಡಿದು, ಮಾಸ್ತರರು ಎಣಿಸಿದಂತೆ ಒಮ್ಮೆ ಜಗ್ಗಿದರು, ಬಿಟ್ಟರು. ಇಡೀ ಗ್ಯಾಲರಿ ನಿಧಾನವಾಗಿ, ಮುದುಕರು ಗೋಡೆಗೆ ಒರಗಿದಂತೆ ಹಿಂದಕ್ಕೆ ವಾಲಿತು. ಹಗ್ಗ ಬಿಟ್ಟ ಮೇಲೆ ಮುಂದಕ್ಕೆ ಬರಲಿಲ್ಲ. ವಾಲಿದಲ್ಲೇ ನಿಂತಿತು. ಮುಂಬದಿಯ ಕಂಬಗಳ ಬುಡದಲ್ಲಿ ಸಗಣಿ ಪದರು ಉದ್ದಕ್ಕೂ ಒಡೆದು, ಕಪ್ಪು ಗೆರೆಯೊಂದು ಬಾಯಿ ಬಿಟ್ಟಿತು.

ಹಗ್ಗ ಹಿಡಿದಿದ್ದವರಲ್ಲಿ ಒಬ್ಬ ಅದನ್ನು ಮೆಲ್ಲಗೆ ಕೆಳಗಿಟ್ಟ, ಸದ್ದಾದರೆ ಏನೋ ಆಗುತ್ತದೆಂಬಂತೆ. ನಾವೆಲ್ಲ ಒಟ್ಟಿಗೇ ಗಂಡಸರ ಗ್ಯಾಲರಿಯ ಕಡೆ ತಿರುಗಿ ನೋಡಿದೆವು. ಅದು ನೆಟ್ಟಗೆ ನಿಂತಿತ್ತು. ಮೇಲೆ ಕಾಗೆಯೊಂದು ಕೂತಿತ್ತು.

ಅಂದು ರಾತ್ರಿಯಾಗುವ ಮೊದಲೇ ಮತ್ತೆ ಹಿಂದಕ್ಕೆ ನಡೆದು ಲೆಕ್ಕ ಹಾಕಿದೆ. ಎಲ್ಲ ಕಂಬ ಕಿತ್ತು, ಗುಂಡಿ ಆಳ ಮಾಡಿ, ಗರಸಿನ ಕಲ್ಲುಮಣ್ಣು ತುಂಬಿ ಬಡಿದು ಮತ್ತೆ ನಿಲ್ಲಿಸುವುದು ಸರಿಯಾದ ದಾರಿ. ಅದಕ್ಕೆ ಉಳಿದ ಹೊತ್ತು ಸಾಲದು. ಎರಡನೆಯ ದಾರಿ, ಗ್ಯಾಲರಿಯ ಹಿಂದೆ ಓರೆಯಾಗಿ ಗಳ ಕೊಟ್ಟು ಆನಿಕೆ ನಿಲ್ಲಿಸುವುದು. ಅದಕ್ಕೆ ಗಳ ಬೇಕು. ಮಿಸ್ತ್ರಿ ತಂದದ್ದೆಲ್ಲ ಎರಡು ಗ್ಯಾಲರಿಗೂ ಅತಿಥಿಗಳ ಮಂಟಪಕ್ಕೂ ಮುಗಿದಿತ್ತು. ಬಂಕಾಪುರದ ಕಟ್ಟಿಗೆ ಅಡ್ಡೆಗೆ ಸೈಕಲ್ ಮೇಲೆ ಹೋಗಿ ಬಂದ ಮಾಸ್ತರರು, ಗಳ ತರುವ ಬಂಡಿ ಬರುವುದು ಕೂಟ ಮುಗಿದ ಮೇಲೆ ಎಂಬ ಉತ್ತರ ತಂದರು. ಮೂರನೆಯದು, ಎರಡೂ ಗ್ಯಾಲರಿಗಳನ್ನು ಮುಚ್ಚುವುದು.

ಮೂರನೆಯದನ್ನು ಹೇಳಲು ಮರುದಿನ ಬೆಳಿಗ್ಗೆ ಅಧ್ಯಕ್ಷರ ಮನೆಗೆ ಹೋದೆವು. ಹೊಲ ಅವರದೇ. ಊರಿನ ದೊಡ್ಡ ಸಾವಕಾರರು, ಕೆಟ್ಟವರಲ್ಲ, ಕುಸ್ತಿಯ ಹುಚ್ಚಿನವರು. ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಗ್ಯಾಲರಿ ಇಲ್ಲಂದ್ರ ಕುಸ್ತಿ ಇಲ್ಲ. ಕುಸ್ತಿ ಇಲ್ಲಂದ್ರ ಕೂಟ ಇಲ್ಲ. ನಾಕ ತಾಲೂಕಿನ ಮಂದಿ ಬರಾಕತ್ತಾರ. ಬಂದವ್ರಿಗೆ ನಾ ಏನ ತೋರಸ್ಲಿ, ನಿಮ್ಮ ಕಿರುಬೆರಳ?"

"ಮತ್ತೊಂದ ಎಂಟ ದಿನ ಮುಂದಕ್ಕ ಹಾಕಬಹುದು, ಸಾವಕಾರ್ರ."

"ಒಮ್ಮಿ ಹಾಕೇವಿ. ಎರಡನೇ ಸಲ ಹಾಕಿದ್ರ ಅತಿಥಿ ಅಲ್ಲ, ಅತಿಥಿ ಡ್ರೈವರನೂ ಬರೂದಿಲ್ಲ." ಎಲೆ ಮಡಿಸಿ ಬಾಯಿಗಿಟ್ಟರು. "ಅಕ್ಕೋರ, ನೀವು ಕಲತವ್ರು, ನಾ ಒಪ್ಪತೇನಿ. ಶುಭ ಕಾರ್ಯದ ಮುಂದ ಬೀಳ್ತೈತಿ ಬೀಳ್ತೈತಿ ಅಂತ ಅನಬ್ಯಾಡ್ರಿ. ಅಂದಂದ ಬೀಳಸ್ತೀರಿ."

ಮಾಸ್ತರರು ಬಾಯಿ ಹಾಕಿದರು. "ಹಗ್ಗ ಜಗ್ಗಿದಾಗ ನಾನೂ ನೋಡೇನ್ರಿ."

"ಗ್ಯಾಲರಿ ಕಟ್ಟೂದು ಕುಂದ್ರಾಕೋ, ಹಗ್ಗ ಕಟ್ಟಿ ಜಗ್ಗಾಕೋ?" ಎಂದರು ಸಾವಕಾರರು. ಪಕ್ಕದಲ್ಲಿದ್ದವರು ನಕ್ಕರು.

ಅವರ ಅಧಿಕಾರ ಗಂಡಸರ ಗ್ಯಾಲರಿಯ ಮೇಲಿತ್ತು, ನನ್ನದು ಹೆಂಗಸರದರ ಮೇಲೆ. ನಾನು ನನ್ನದನ್ನು ಮುಚ್ಚಿ ಸುಮ್ಮನಿರಬಹುದಿತ್ತು. ಆದರೆ ನಾಳೆ ಸಂಜೆ ಅವರ ಗ್ಯಾಲರಿಯ ಹಲಗೆಗಳ ಮೇಲೆ ಜನ ಇರುತ್ತಾರೆ, ನಾನು ಬೇಡವೆಂದರೂ ಇರುತ್ತಾರೆ. ಅಷ್ಟರಲ್ಲಿ ಒಂದು ಮಾತು ಹೊಳೆಯಿತು. ಬೇಕಾದ ಗಳಗಳು ಮೈದಾನದಲ್ಲೇ ಇವೆ, ನಿಂತಿವೆ.

"ಹಂಗಾದ್ರ ಹೆಣ್ಮಕ್ಕಳ ಗ್ಯಾಲರಿ ಇವತ್ತ ಬಿಚ್ಚಸ್ತೇನಿ. ಅದರ ಗಳ ಎಲ್ಲಾ ನಿಮ್ಮ ಗ್ಯಾಲರಿ ಹಿಂದ ಆನಿಕಿ ಕೊಡಸ್ತೇನಿ. ಅದಕ್ಕರ ಬ್ಯಾಡ ಅನಬ್ಯಾಡ್ರಿ."

ಅವರು ಅಗಿಯುವುದನ್ನು ನಿಲ್ಲಿಸಿದರು. "ಮತ್ತ ನಿಮ್ಮ ಖೊಖೋ?"

"ಆಗೂದಿಲ್ಲ."

"ನೀವ ಅಂದ್ರಿ. ನಾ ಅಂದಿಲ್ಲ, ಎಲ್ಲಾರೂ ಕೇಳ್ರೆಪಾ" ಎಂದು ಸುತ್ತ ನೋಡಿದರು. ಅವರಿಗೆ ಒಂದು ಹೊರೆ ಇಳಿದಂತಾಗಿತ್ತು.

ಮಧ್ಯಾಹ್ನವೆಲ್ಲ ಬಿಚ್ಚಿದೆವು. ನಾನು ಹಿಂದೆ ನಿಂತು ಪ್ರತಿ ಆನಿಕೆಯ ಕೋನವನ್ನು ನೋಡಿದೆ. ಗಳದ ಮೇಲಿನ ತುದಿಯನ್ನು ಕಂಬಕ್ಕೆ ಕಟ್ಟುವುದು ಸುಲಭ, ಕೆಳತುದಿ ಜಾರದಂತೆ ಮಾಡುವುದು ಕಷ್ಟ. ಎರೆಯಲ್ಲಿ ಗೂಟ ಹೊಡೆದರೆ ಮತ್ತೆ ಅದೇ ಕಥೆ. ಸುತ್ತಲಿನ ಹೊಲಗಳಿಂದ ರೋಣಗಲ್ಲುಗಳನ್ನು ಉರುಳಿಸಿ ತರಿಸಿ, ಒಂದೊಂದು ಗಳದ ಬುಡಕ್ಕೆ ಒಂದೊಂದನ್ನು ಅಡ್ಡ ಇಟ್ಟೆವು. ಅವು ಹಿಂದಕ್ಕೆ ಉರುಳದಂತೆ ಮಿಸ್ತ್ರಿ ತಾನಾಗಿಯೇ ಕಲ್ಲು ಕೊಟ್ಟ. ಹಗ್ಗ ಜಗ್ಗಿದ ಮೇಲೆ ಅವನು ನನ್ನ ಹತ್ತಿರ ಮೇಟಿಯ ಮಾತು ಎತ್ತಿರಲಿಲ್ಲ.

ಬಿಚ್ಚುತ್ತಿರುವಾಗಲೇ ಹಿರೇಬೆಂಡಿಗೇರಿಯ ಬಂಡಿಗಳು ಬಂದವು. ಹುಡುಗಿಯರು ಹಾಡುತ್ತ ಬರುತ್ತಿದ್ದರು. ಕನಾತು ಇಳಿಸಿದ್ದನ್ನು ನೋಡಿ ಹಾಡು ನಿಂತಿತು. ಮುಂದಾಳು ಹುಡುಗಿಯ ತಾಯಿ ಬಂಡಿಯಿಂದ ಇಳಿದು ನೇರ ನನ್ನ ಹತ್ತಿರ ಬಂದಳು. ನಡೆದದ್ದನ್ನು ಇದ್ದಂತೆ ಹೇಳಿದೆ.

"ಕರದವ್ರೂ ನೀವ, ಹೋಗ್ರಿ ಅನ್ನವ್ರೂ ನೀವ" ಎಂದಳು. ಗಳ ಹೊತ್ತು ಹೋಗುತ್ತಿದ್ದವರನ್ನು ನೋಡಿದಳು. "ನಮ್ಮ ಅಟ್ಟದ ಎಲುಬ ತಗದು ಗಂಡಸರ ಅಟ್ಟಕ್ಕ ಕಟ್ಟಾಕತ್ತೀರಿ."

"ಅದರ ಮ್ಯಾಲ ಕುಂದ್ರಾವ್ರು ನಿಮ್ಮ ಮನಿ ಗಂಡಸರ."

"ಅವ್ರಿಗೆ ಏರಬ್ಯಾಡ್ರಿ ಅಂತ ಹೇಳ್ರಿ."

"ಕೇಳ್ತಾರೇನು?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಲ್ಲ. ನಮ್ಮಾಂವ ಎಲ್ಲಾರಕಿಂತ ಮೊದಲ ಏರ್ತಾನ" ಎಂದಳು. ಅವಳ ಮಗಳು ಬಂಡಿಯ ನೊಗದ ಮೇಲೆ ಕೂತು, ಪಂದ್ಯಕ್ಕೆಂದು ಬಿಗಿಯಾಗಿ ಹೆಣೆದಿದ್ದ ಜಡೆಯನ್ನು ಬಿಚ್ಚುತ್ತಿದ್ದಳು. ಬಂಡಿಗಳನ್ನು ಅಂದೇ ತಿರುಗಿಸಲಿಲ್ಲ. ಎತ್ತು ದಣಿದಿದ್ದವು, ಗಂಡಸರಿಗೆ ಕುಸ್ತಿ ನೋಡಬೇಕಾಗಿತ್ತು. ಹೆಂಗಸರಿಗೂ ಹುಡುಗಿಯರಿಗೂ, ಬಸ್ಸಿಗೆ ಬಂದಿಳಿದ ಹಾನಗಲ್ಲಿನ ಹುಡುಗಿಯರ ತಂಡಕ್ಕೂ ಶಾಲೆಯಲ್ಲಿ ಮಲಗುವ ಏರ್ಪಾಡು ಮಾಡಿದೆ.

ಕೂಟದ ದಿನ ನಾನು ಕುಸ್ತಿ ನೋಡಲಿಲ್ಲ. ಮಾಸ್ತರರೂ ನಾನೂ ಗ್ಯಾಲರಿಯ ಹಿಂದೆ, ಆನಿಕೆಗಳ ನಡುವೆ ನಿಂತಿದ್ದೆವು. ಅಲ್ಲಿಂದ ಜೋತುಬಿಟ್ಟ ಕಾಲುಗಳೂ ಹಲಗೆಯ ಸಂದಿನಲ್ಲಿ ಬೆಳಕೂ ಕಾಣುತ್ತಿದ್ದವು. ಬಾರಿಸುವ ಹಲಿಗೆ ವಾದ್ಯದ ಸದ್ದು ಏರಿದಂತೆ ಮೇಲಿನ ಕಾಲುಗಳು ಹಲಗೆಗೆ ಊರಿಕೊಳ್ಳುತ್ತಿದ್ದವು. ಅದೇ ನಮಗೆ ಸೂಚನೆ.

ಮೊದಲ ಸಲ ಎಲ್ಲರೂ ಎದ್ದಾಗ ಕಂಬಗಳು ನಮ್ಮ ಕಡೆ ಬಂದವು. ಪ್ರತಿ ಆನಿಕೆಯ ಕಟ್ಟಿನಲ್ಲಿ ಹಗ್ಗ ಕಿರ್ ಎಂದಿತು. ಕಂಬದ ಬುಡದಿಂದ ಒಣ ಮಣ್ಣಿನ ಧೂಳು, ಯಾರೋ ಒಳಗಿನಿಂದ ಊದಿದಂತೆ, ಮೇಲೆ ಬಂತು. ಗಳ ರೋಣಗಲ್ಲಿಗೆ ಒತ್ತಿತು, ಕಲ್ಲು ಎರೆಯೊಳಗೆ ಕೂತಿತು. ನಿಂತಿತು. ಜನ ಕೂತರು. ಎರಡನೆಯ ಸಲ ಕಲ್ಲು ಇನ್ನಷ್ಟು ಇಳಿಯಿತು. ಕೊನೆಯ ಜೋಡಿಯ ಹೊತ್ತಿಗೆ ನಡುವಿನ ರೋಣಗಲ್ಲು ಅರ್ಧ ನೆಲದಲ್ಲಿತ್ತು, ಅದರ ಗಳ ಬಿಲ್ಲಿನಂತೆ ಬಾಗಿತ್ತು. ಮಾಸ್ತರರು ಅದಕ್ಕೆ ಹೆಗಲು ಕೊಡಲು ಹೋದರು. "ಬ್ಯಾಡ್ರಿ, ಈಚೆ ಬರ್ರಿ" ಎಂದೆ. ಮನುಷ್ಯನ ಹೆಗಲು ಹಿಡಿಯುವ ಭಾರವಾಗಿರಲಿಲ್ಲ ಅದು. ಮೇಲೆ ಕೂಗು ಎದ್ದಿತು. ಹಲಗೆಗಳು ಒಮ್ಮೆಗೇ ಕುಸಿದು ನಿಂತವು. ಜನ ಅದನ್ನು ತಮ್ಮ ಕುಣಿತವೆಂದೇ ತಿಳಿದು ಇನ್ನಷ್ಟು ಕುಣಿದರು. ಆಮೇಲೆ ಗೆದ್ದವನನ್ನು ಹೊತ್ತು ಮೆರೆಸಲು ಇಳಿದು ಓಡಿದರು. ಹಲಗೆಗಳು ಒಂದೊಂದಾಗಿ ಖಾಲಿಯಾಗುವುದನ್ನು ನಾನು ಕಾಲುಗಳನ್ನೇ ನೋಡುತ್ತ ಎಣಿಸಿಕೊಂಡೆ. ಕೊನೆಯ ಕಾಲು ಇಳಿದ ಮೇಲೆ ಮಾಸ್ತರರು ನೆಲದ ಮೇಲೆ ಕೂತುಬಿಟ್ಟರು.

ಸಾವಕಾರರು ಕೊರಳ ಹಾರ ತೆಗೆಯದೆ ನನ್ನ ಹತ್ತಿರ ಬಂದರು. "ಏನಾತ್ರಿ ಅಕ್ಕೋರ? ಬೀಳಲಿಲ್ಲಲ್ಲ?"

"ಬೀಳಲಿಲ್ರಿ" ಎಂದೆ.

"ಸುಮ್ಮನ ಹುಡುಗ್ಯಾರ ಆಟ ಕೆಡಿಸಿದ್ರಿ" ಎಂದು ಕನಿಕರದಿಂದಲೇ ಹೇಳಿದರು. ಮಾಸ್ತರರು ಅವರನ್ನು ಹಿಂದಕ್ಕೆ ಕರೆದೊಯ್ದು ತೋರಿಸಲು ಎದ್ದರು. ನಾನು ಕಣ್ಣಿನಲ್ಲೇ ಬೇಡವೆಂದೆ. ಬೀಳದೆ ಉಳಿದದ್ದನ್ನು ತೋರಿಸಿ ಒಪ್ಪಿಸುವುದು ಆಗದ ಕೆಲಸ. ಆ ಸಂಜೆ ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಇನ್ನೂ ಒಂದು ಸೀಟಿ ಊದುವುದು ಬಾಕಿ ಇತ್ತು. ಅದರಿಂದ ಹಿಂದಕ್ಕೆ ನಡೆದರೆ ಈಗ ಯಾವ ಹೆಜ್ಜೆಗೂ ಗ್ಯಾಲರಿ ಬೇಕಿರಲಿಲ್ಲ. ಗಂಡಸರು ಇಲ್ಲದ ಒಂದು ಹೊತ್ತು ಬೇಕಿತ್ತು, ಅಷ್ಟೆ.

ಶಾಲೆಯಲ್ಲಿ ಆ ತಾಯಿ ರೊಟ್ಟಿ ಗಂಟು ಕಟ್ಟುತ್ತಿದ್ದಳು. ಬಂಡಿ ಹೂಡುವ ಮೊದಲು, ಗಂಡಸರು ಮಲಗಿರುವಾಗಲೇ ಹುಡುಗಿಯರನ್ನು ಮೈದಾನಕ್ಕೆ ಕರೆತರಲು ಕೇಳಿದೆ.

"ಮತ್ತೊಂದ ಮಾತ ಕೊಡಾಕ ಬಂದೀರೇನು?"

"ಮಾತಲ್ಲ. ನಾ ಅಲ್ಲಿರ್ತೇನಿ. ಬಂದ್ರ ಬರ್ರಿ."

ಅವಳು ಗಂಟು ಬಿಗಿದಳು.

ಮರುದಿನ ನಸುಕಿನಲ್ಲಿ ಹಾರೆ, ಬುಟ್ಟಿ, ಸುಣ್ಣ ತೆಗೆದುಕೊಂಡು ಮೈದಾನಕ್ಕೆ ಹೋದೆ. ಗಂಡಸರ ಗ್ಯಾಲರಿ ಹಿಂದಕ್ಕೆ ವಾಲಿಕೊಂಡು ನಿಂತಿತ್ತು. ಬಿಚ್ಚುವವರು ಬಿಸಿಲೇರಿದ ಮೇಲೆ ಬರುವವರಿದ್ದರು. ಅದರ ಎತ್ತರವನ್ನು ಕಣ್ಣಳತೆಯಲ್ಲಿ ತೆಗೆದುಕೊಂಡು, ಬಿದ್ದರೂ ತಾಗದಂತೆ ಅದರ ಮೂರರಷ್ಟು ದೂರಕ್ಕೆ ಹೆಜ್ಜೆ ಹಾಕಿ, ಅಲ್ಲಿಂದ ಆಚೆಗೆ ಅಂಕಣದ ಗೆರೆ ಎಳೆದೆ. ಖೊಖೋಗೆ ಎರಡು ಕಂಬ ಬೇಕು. ಓಡುವವರು ಅದನ್ನೇ ಹಿಡಿದು ಮೈಯ ಭಾರವನ್ನೆಲ್ಲ ಹಾಕಿ ತಿರುಗುತ್ತಾರೆ. ನೀರು ಮುಟ್ಟಿಸದೆ ಮೊಣಕೈಯವರೆಗೆ ಗುಂಡಿ ತೆಗೆದು, ಕಂಬ ಇಳಿಸಿ, ರಸ್ತೆ ಬದಿಯಿಂದ ತಂದ ಗರಸನ್ನು ಹಿಡಿಹಿಡಿಯಾಗಿ ಹಾಕಿ ಹಾರೆಯ ಹಿಂಬದಿಯಿಂದ ಬಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಬವನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದೆ. ಎರಡನೆಯದಕ್ಕೂ ಹಾಗೆಯೇ ಮಾಡುತ್ತಿದ್ದಾಗ ಹಿಂದೆ ಯಾರೋ ನಕ್ಕರು.

ಹುಡುಗಿಯರು ಬಂದಿದ್ದರು, ಹಿಂದೆ ತಾಯಂದಿರು. ಎದುರಾಳಿ ಹಾನಗಲ್ಲಿನ ತಂಡವನ್ನೂ ಆ ತಾಯಿಯೇ ಎಬ್ಬಿಸಿಕೊಂಡು ಬಂದಿದ್ದಳು. ಅವಳು ಕಂಬವನ್ನು ಎಮ್ಮೆಯ ಕೊಂಬು ಹಿಡಿದಂತೆ ಹಿಡಿದು ಅಲುಗಿಸಿ ನೋಡಿದಳು. ನಂತರ ತಂದಿದ್ದ ಜಮಖಾನೆ ಹಾಸಿ ಕೂತು, ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಬಿಟ್ಟಳು. ಗಾಳಿ ಬೀಸಿದಾಗ ಗ್ಯಾಲರಿಯ ಕಡೆಯಿಂದ ಹಗ್ಗದ ಸದ್ದು ಕೇಳಿಸಿತು. ಅವರನ್ನು ಇನ್ನೂ ಸ್ವಲ್ಪ ಈಚೆ ಸರಿದು ಕೂರಲು ಹೇಳಿದೆ. ಹುಡುಗಿಯರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತರು. ನಾನು ಗ್ಯಾಲರಿಗೆ ಬೆನ್ನು ಮಾಡದೆ ನಿಂತು ಸೀಟಿ ಊದಿದೆ.